ನೌಕರಿ ಕಳೆದುಕೊಂಡವರು ಮತ್ತು ಘಟ್ಟದ ಮೇಲಿನ ವರ್ತಕರು

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ವರ್ತಕರು ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರು ಒಂದೆಡೆ ಸೇರಿದಾಗ ಕೇಳಿಬರುವ ದೂರುಗಳಲ್ಲಿ ಒಂದು ಎಂದಿಗೂ ತಪ್ಪುವುದಿಲ್ಲ: ಕೆಲಸಕ್ಕೆ ಜನ ಸಿಗುತ್ತಿಲ್ಲ. ಲೆಕ್ಕಪತ್ರ ನೋಡಬಲ್ಲವರಿಲ್ಲ, ಯಂತ್ರದ ಉಸ್ತುವಾರಿ ಬಲ್ಲವರಿಲ್ಲ, ಪರರಾಜ್ಯದ ಖರೀದಿದಾರನೊಡನೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವ್ಯವಹರಿಸಬಲ್ಲವರಂತೂ ದುರ್ಲಭ. ಇದೇ ತಾಲ್ಲೂಕುಗಳ ಹಳ್ಳಿಗಳಲ್ಲಿ, ಬೆಂಗಳೂರಿನ ನೌಕರಿ ಕಳೆದುಕೊಂಡು ಮರಳಿದ ವಿದ್ಯಾವಂತರು, ಸದ್ಯಕ್ಕೆ ಮನೆಯಿಂದಲೇ ಕೆಲಸ ಎಂದು ನೆಂಟರಿಷ್ಟರಿಗೆ ಹೇಳಿಕೊಳ್ಳುತ್ತ ತಿಂಗಳುಗಳನ್ನು ನೂಕುತ್ತಿದ್ದಾರೆ. ಎರಡೂ ನಿಜ. ಆದರೆ ಒಂದಕ್ಕೊಂದು ಎದುರಾಗುತ್ತಿಲ್ಲ. ಹೀಗಾಗಲು ನೌಕರಿ ಹುಡುಕುವವರ ಸಂಕೋಚ ಒಂದು ಪಾಲು ಕಾರಣವಾದರೆ, ನೌಕರಿ ಕೊಡುವವರ ಮೌನ ಮೂರು ಪಾಲು ಕಾರಣ.

ಉದ್ಯೋಗ ನಷ್ಟವೆಂಬುದು ಈ ಸೀಮೆಗೆ ಹೊಸತೇನಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶ ನೀಡಿ, ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯದೊಳಗೆ ನಡೆಯುತ್ತಿದ್ದ ಸಾ ಮಿಲ್ಲು, ಪ್ಲೈವುಡ್ ಮಿಲ್ಲುಗಳನ್ನು ತಡೆದಾಗ ಮರದ ವಹಿವಾಟನ್ನು ನಂಬಿದ್ದವರು ಬೇರೆ ದಾರಿ ನೋಡಬೇಕಾಯಿತು. ಮುಂದೆ ಅಡಿಕೆ ಸುಲಿಯುವ ಯಂತ್ರ ಬಂತು. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುತ್ತಿದ್ದ ಹೆಂಗಸರ ಕೈಗೆ ಕೆಲಸ ಕಡಿಮೆಯಾಯಿತು. ಇಂಥವರಲ್ಲಿ ಬಹುಮಂದಿ ಸುತ್ತಮುತ್ತಲಲ್ಲೇ ಇನ್ನೊಂದು ಕೆಲಸ ಹಿಡಿದರು. ಏಕೆಂದರೆ ಯಾರಿಗೆ ಯಾವ ಕೆಲಸ ಬರುತ್ತದೆಂಬುದು ಊರಿಗೆಲ್ಲ ಗೊತ್ತಿತ್ತು. ಜಾಹೀರಾತಿನ ಅಗತ್ಯವೇ ಬೀಳಲಿಲ್ಲ.

ಈಗ ಮರಳಿ ಬರುತ್ತಿರುವವರ ಸಂಗತಿ ಬೇರೆ. 2020ರ ಮಾರ್ಚ್‌ನಲ್ಲಿ ಶ್ರೀ ಮಾರಿಕಾಂಬಾ ಜಾತ್ರೆ ಮುಗಿದ ಕೆಲವೇ ದಿನಗಳಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ನಗರಗಳಿಂದ ಯುವಕ ಯುವತಿಯರು ಗುಂಪುಗುಂಪಾಗಿ ಊರು ಸೇರಿದರು. ಅವರಲ್ಲಿ ಅನೇಕರು ಪುನಃ ನಗರಕ್ಕೆ ಹೋದರು, ಕೆಲವರು ಉಳಿದರು. 2022ರ ಕೊನೆಯಿಂದ ಸಾಫ್ಟ್‌ವೇರ್ ಹಾಗೂ ಸ್ಟಾರ್ಟ್‌ಅಪ್ ವಲಯದಲ್ಲಿ ಸಿಬ್ಬಂದಿ ಕಡಿತದ ಸುದ್ದಿ ಸಾಮಾನ್ಯವಾಯಿತು. ಸ್ಥಿರತೆಗೆ ಹೆಸರಾಗಿದ್ದ ಟಿಸಿಎಸ್ ಸಂಸ್ಥೆಯೇ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟನ್ನು ಕಡಿಮೆಗೊಳಿಸುವುದಾಗಿ ಪ್ರಕಟಿಸಿತು. ಹೀಗೆ ಊರಿಗೆ ಬಂದವರಿಗೆ ಏನು ಬರುತ್ತದೆಂಬುದು ಊರಿಗೆ ತಿಳಿಯದು. ‘ಕಂಪ್ಯೂಟರ್ ಕೆಲಸ’ ಎಂಬ ಒಂದೇ ಪದದಲ್ಲಿ ಗ್ರಾಹಕರ ದೂರು ಆಲಿಸಿದವರು, ಸರಕು ಸಾಗಣೆಯ ಲೆಕ್ಕ ಇಟ್ಟವರು, ಸಂಬಳದ ಪಟ್ಟಿ ತಯಾರಿಸಿದವರು, ಗುಣಮಟ್ಟ ಪರೀಕ್ಷಿಸಿದವರು ಎಲ್ಲರೂ ಅಡಗಿಹೋಗುತ್ತಾರೆ.

ಅವರಾಗಿಯೇ ಬಂದು ಹೇಳಿಕೊಳ್ಳುವುದೂ ಕಷ್ಟ. ಇಲ್ಲಿ ಹೋಗುವುದು ಸಂಬಳವೊಂದೇ ಅಲ್ಲ. ತೋಟ ನೋಡಿಕೊಂಡು ಊರಲ್ಲಿರುವ ಗಂಡಿಗೆ ಹೆಣ್ಣು ಸಿಗದ ಕಾಲ ಇದು; ನಗರದ ನೌಕರಿ ಹೋಯಿತೆಂಬ ಮಾತು ಹೊರಗೆ ಬಿದ್ದರೆ ಗೊತ್ತಾದ ಸಂಬಂಧವೂ ಮುರಿದೀತೆಂಬ ಭಯ ತಂದೆತಾಯಿಗಳಿಗೆ. ಹೀಗಿರುವಾಗ ಅಂಗಡಿಯಿಂದ ಅಂಗಡಿಗೆ ಹೋಗಿ ಕೆಲಸವಿದೆಯೇ ಎಂದು ಕೇಳುವ ಧೈರ್ಯ ಯಾರಿಗಿದ್ದೀತು? ಪ್ರಕಟಣೆ ಇದ್ದರೆ ಅರ್ಜಿ ಹಾಕಬಹುದು. ಅರ್ಜಿ ಹಾಕುವುದರಲ್ಲಿ ಅವಮಾನವಿಲ್ಲ. ಪ್ರಕಟಣೆಯೇ ಇಲ್ಲದಲ್ಲಿ ಉಳಿಯುವುದು ಬೇಡುವುದೊಂದೇ.

ಪ್ರಕಟಣೆ ಏಕಿಲ್ಲ? ಮಂಡಿಯಲ್ಲಾಗಲಿ, ಉಪ್ಪಿನಕಾಯಿ ಹಪ್ಪಳಗಳ ಘಟಕದಲ್ಲಾಗಲಿ, ಯಲ್ಲಾಪುರದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಾಗಲಿ ನೌಕರರನ್ನು ಆರಿಸುವ ಪದ್ಧತಿ ಒಂದೇ: ಪರಿಚಯ. ಇರುವ ನೌಕರನ ತಮ್ಮ, ಸೊಸೈಟಿಯ ಗುಮಾಸ್ತರು ಹೇಳಿ ಕಳಿಸಿದ ಹುಡುಗ, ಮನೆದೇವರ ಉತ್ಸವದಲ್ಲಿ ಕಂಡವರ ಮಗ. ಇದನ್ನು ಹೀಗಳೆಯುವಂತಿಲ್ಲ. ನಗದು, ಮಾಲು ಮತ್ತು ಗಿರಾಕಿಯ ಗುಟ್ಟು ಮೂರೂ ಒಬ್ಬನ ಕೈಯಲ್ಲಿರುವ ಕಸುಬಿನಲ್ಲಿ ನಂಬಿಕೆಯೇ ಮೊದಲ ಅರ್ಹತೆ. ಆದರೆ ಇದೇ ವರ್ತಕರು ಮುಖವನ್ನೇ ಕಾಣದ ಗುಜರಾತಿನ ಖರೀದಿದಾರನಿಗೆ ಚಾಲಿ ಕಳಿಸುತ್ತಾರೆ, ದೆಹಲಿಯ ವ್ಯಾಪಾರಿಗೆ ಕೆಂಪಡಿಕೆ ಮಾರುತ್ತಾರೆ. ಹೇಗೆ? ಮೊದಲು ಸಣ್ಣ ಲಾಟು, ಹಣ ಬಂದ ಬಳಿಕ ದೊಡ್ಡದು; ನಡುವೆ ದಲಾಲರಲ್ಲಿ ಒಂದು ವಿಚಾರಣೆ. ಅಪರಿಚಿತನನ್ನು ಪರಿಚಿತನನ್ನಾಗಿಸಿಕೊಳ್ಳುವ ಈ ವಿದ್ಯೆಯನ್ನು ಸರಕಿನ ವಿಷಯದಲ್ಲಿ ಕರಗತ ಮಾಡಿಕೊಂಡವರು ನೌಕರರ ವಿಷಯದಲ್ಲಿ ಅದನ್ನು ಪ್ರಯೋಗಿಸದಿರುವುದು ವಿಚಿತ್ರ. ಮೂರು ತಿಂಗಳ ಪರೀಕ್ಷಾ ಅವಧಿ, ಹಿಂದಿನ ಮಾಲೀಕರಿಗೆ ಒಂದು ದೂರವಾಣಿ ಕರೆ, ಆರಂಭದಲ್ಲಿ ನಗದಿನ ಹೊಣೆಯಿಲ್ಲದ ಕೆಲಸ. ಇಷ್ಟರಿಂದ ನಂಬಿಕೆಗೆ ತಳಪಾಯ ಬೀಳುತ್ತದೆ.

ಸರ್ಕಾರವೇ ಈ ಕೊರತೆಯನ್ನು ತುಂಬಲೆಂದು ಕಾಯುವುದು ವ್ಯರ್ಥ. ಖಾಲಿ ಹುದ್ದೆಗಳನ್ನು ವಿನಿಮಯ ಕಚೇರಿಗೆ ತಿಳಿಸುವ ಕಡ್ಡಾಯವನ್ನು 1959ರ ಕಾಯ್ದೆಯು 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಮಾತ್ರ ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಇಳಿಸಿದೆ. ಈ ಮೂರು ತಾಲ್ಲೂಕುಗಳಲ್ಲಿ ಅಷ್ಟು ಜನರಿಗೆ ಸಂಬಳ ಕೊಡುವ ಅಂಗಡಿ ಎಷ್ಟಿದ್ದಾವು? ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಾದರೋ ಘಟ್ಟ ಇಳಿದು ಕಾರವಾರದಲ್ಲಿದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯು ಪದವೀಧರರಿಗೆ ಮಾಸಿಕ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷಗಳವರೆಗೆ ಕೊಡುವ ಯೋಜನೆ. ಅದು ಹೊಸದಾಗಿ ಓದು ಮುಗಿಸಿ ಕೆಲಸ ಸಿಗದವರಿಗೇ ಹೊರತು ಹತ್ತು ವರ್ಷ ದುಡಿದು ನೌಕರಿ ಕಳೆದುಕೊಂಡವರಿಗಲ್ಲ. ಇ.ಎಸ್.ಐ. ನಿಗಮವು 2018ರಲ್ಲಿ ತಂದ ಅಟಲ್ ಯೋಜನೆಯ ನಿರುದ್ಯೋಗ ಪರಿಹಾರವನ್ನು 2020ರಲ್ಲಿ ಸರಾಸರಿ ವೇತನದ ಶೇ. 50ಕ್ಕೆ ಏರಿಸಲಾಯಿತಾದರೂ ಅದು ದೊರೆಯುವುದು ಗರಿಷ್ಠ 90 ದಿನ, ಅದೂ ನಿಗಮದ ವೇತನ ಮಿತಿಯೊಳಗೆ ಬರುವ ವಿಮಾದಾರರಿಗೆ.

ಇಷ್ಟಕ್ಕೂ ಮಾಲೀಕರ ಕೈಯಲ್ಲೇ ಇರುವ, ಖರ್ಚಿಲ್ಲದ ಒಂದು ಸಹಾಯವಿದೆ. ಅದು ಕಾಗದ. ಊರಿಗೆ ಮರಳಿದವರೊಬ್ಬರು ಒಂದೂವರೆ ವರ್ಷ ಸಿದ್ದಾಪುರದ ಆಹಾರ ಘಟಕವೊಂದರಲ್ಲಿ ಖರೀದಿ, ಪ್ಯಾಕಿಂಗ್, ಜಿ.ಎಸ್.ಟಿ. ಲೆಕ್ಕ ಎಲ್ಲವನ್ನೂ ನೋಡಿಕೊಂಡರೆಂದು ಭಾವಿಸೋಣ. ಸಂಬಳ ಕೈಯಲ್ಲಿ ನಗದಾಗಿ ಬಂದಿದೆ, ನೇಮಕಾತಿ ಪತ್ರವಿಲ್ಲ, ವೇತನ ಚೀಟಿಯಿಲ್ಲ. ಮುಂದೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಹೋದಾಗ ಆ ಒಂದೂವರೆ ವರ್ಷ ಖಾಲಿ ಅವಧಿಯೆಂದೇ ಲೆಕ್ಕ. ದುಡಿದದ್ದು ನಿಜ, ಪುರಾವೆ ಇಲ್ಲ. ಈ ಭಯದಿಂದಲೇ ಅನೇಕರು ಸ್ಥಳೀಯ ಕೆಲಸಕ್ಕೆ ಸೇರಲು ಹಿಂಜರಿಯುತ್ತಾರೆ. ಮಾಲೀಕರು ಅದನ್ನು ‘ಪೇಟೆ ಬಿಂಕ’ ಎಂದು ತಪ್ಪಾಗಿ ತಿಳಿಯುತ್ತಾರೆ. ವಾಸ್ತವವಾಗಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ನೌಕರ ಸೇರಿದ 30 ದಿನಗಳೊಳಗೆ ಲಿಖಿತ ನೇಮಕಾತಿ ಆದೇಶ ನೀಡಬೇಕೆಂಬ ನಿಯಮ ಸೇರಿದೆ. 2025ರ ನವೆಂಬರ್ 21ರಿಂದ ಜಾರಿಗೊಂಡ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರಕ್ಕೆ ಒತ್ತು ನೀಡಿವೆ. ತೂಕದ ಚೀಟಿ ಇಲ್ಲದೆ ಒಂದು ಮೂಟೆ ಅಡಿಕೆಯನ್ನೂ ಇಳಿಸಿಕೊಳ್ಳದ ವರ್ತಕ ಸಮುದಾಯವು ವರ್ಷಗಟ್ಟಲೆಯ ದುಡಿಮೆಗೆ ಒಂದು ಚೀಟಿ ಬರೆದುಕೊಡದಿರುವುದು ಅದರ ಶಿಸ್ತಿಗೆ ಒಪ್ಪುವಂಥದ್ದಲ್ಲ.

ಇನ್ನೊಂದು ಆಕ್ಷೇಪಣೆಗೆ ತೂಕವಿದೆ. ನಗರ ಕಂಡವರಿಗೆ ಕೆಲಸ ಕಲಿಸಿದರೆ ಬೆಂಗಳೂರಿನಿಂದ ಕರೆ ಬಂದ ಮರುದಿನವೇ ಎದ್ದು ಹೋಗುತ್ತಾರೆ ಎಂಬುದು ಬಹುತೇಕ ಮಾಲೀಕರ ಅನುಭವ. ಹೋಗುತ್ತಾರೆ, ನಿಜ. ಸುಗ್ಗಿಯ ನಡುವೆ ಹೋದರಂತೂ ನಷ್ಟ ದೊಡ್ಡದು. ಇದಕ್ಕೆ ಉಪಾಯವೆಂದರೆ ಅಂಥವರನ್ನು ದೂರವಿಡುವುದಲ್ಲ. ಅವಧಿಯನ್ನು ಮೊದಲೇ ಬರೆದುಕೊಳ್ಳುವುದು. ಕೊನೆ ಕೊಯ್ಲಿನ ಆರಂಭದಿಂದ ಮಾರ್ಚ್ ಅಂತ್ಯದ ಲೆಕ್ಕ ಮುಗಿಯುವವರೆಗೆ, ಅಥವಾ ಒಂದು ಪೂರ್ಣ ವರ್ಷಕ್ಕೆ, ಎರಡೂ ಕಡೆಯವರು ಒಪ್ಪಿ ಸಹಿ ಹಾಕಲಿ. ನಿಗದಿತ ಅವಧಿಯ ನೇಮಕಾತಿಯನ್ನು ಹೊಸ ಸಂಹಿತೆಗಳು ಸ್ಪಷ್ಟವಾಗಿ ಮಾನ್ಯ ಮಾಡಿವೆ. ಒಂದು ವರ್ಷದಲ್ಲಿ ಆನ್‌ಲೈನ್ ಮಾರಾಟದ ವ್ಯವಸ್ಥೆಯನ್ನು ನಿಲ್ಲಿಸಿ, ಇನ್ನೊಬ್ಬರಿಗೆ ಕಲಿಸಿ ಹೋದರೂ ಘಟಕಕ್ಕೆ ಲಾಭವೇ. 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಶಿರಸಿ ಸುಪಾರಿಯ ಹೆಸರನ್ನು, ಅಪ್ಪೆಮಿಡಿಯ ಹೆಸರನ್ನು ದೂರದ ಗ್ರಾಹಕರಿಗೆ ತಲಪಿಸಲು ಬೇಕಾದದ್ದು ನಗರದಲ್ಲಿ ಇವರು ಕಲಿತು ಬಂದ ಕೆಲಸವೇ.

ನೌಕರಿ ಕಳೆದುಕೊಂಡವರಿಗೆ ಸುತ್ತಲಿನವರು ಧಾರಾಳವಾಗಿ ನೀಡುವ ಸಲಹೆ ಸ್ವಂತ ಉದ್ಯೋಗ ಮಾಡಿ ಎಂಬುದು. ತರಬೇತಿಗೆ ಅವಕಾಶಗಳಿವೆ, ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಸಂಸ್ಥೆಯಲ್ಲಿ ಉಚಿತವಾಗಿ ಕಲಿಯಬಹುದು. ಮನಸ್ಸಿದ್ದವರು ಅವಶ್ಯ ಹೋಗಲಿ. ಆದರೆ ವ್ಯಾಪಾರದ ಮೊದಲ ಮೂರು ವರ್ಷ ಹೇಗಿರುತ್ತದೆಂದು ಈ ಪತ್ರಿಕೆಯ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೃಹಸಾಲದ ಕಂತು ಕುತ್ತಿಗೆಗೆ ಬಂದವರ ತಲೆಯ ಮೇಲೆ ಇನ್ನೊಂದು ಸಾಲ ಹೊರಿಸುವುದು ಉಪಕಾರವಲ್ಲ. ಅಂಥವರಿಗೆ ಬೇಕಾದದ್ದು ತಿಂಗಳ ಕೊನೆಗೆ ಬರುವ ಸಂಬಳ.

ಕೆಲಸದ ವೇಳೆಯ ಪ್ರಶ್ನೆಯೂ ಇದೆ. ಅದನ್ನು ಸಣ್ಣದೆಂದು ಬಿಡುವಂತಿಲ್ಲ. ಇಲ್ಲಿಯ ಮನೆಗಳು ತೋಟದ ತಲೆಯ ಮೇಲೆ ಒಂಟೊಂಟಿಯಾಗಿ ಹರಡಿವೆ. ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಿದರೆ ಹಳ್ಳಿಯ ಕೊನೆಯ ಬಸ್ಸು ಆಗಲೇ ಹೊರಟುಹೋಗಿರುತ್ತದೆ. ಮಳೆಗಾಲದಲ್ಲಿ ದ್ವಿಚಕ್ರ ವಾಹನದ ಭರವಸೆಯೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ. ಗಂಡನೊಡನೆ ಊರಿಗೆ ಮರಳಿದ, ಒಮ್ಮೆ ನಗರದಲ್ಲಿ ದುಡಿದ ಎಷ್ಟೋ ಹೆಣ್ಣುಮಕ್ಕಳು ಪೇಟೆಗೆ ಬಂದು ಕೆಲಸ ಮಾಡಲು ಸಿದ್ಧರಿದ್ದಾರೆ. ಸಂಜೆ ಐದರ ಬಸ್ಸಿಗೆ ಬಿಡುವ ಮಾಲೀಕರು ಬೇಕು. ಗಲ್ಲೆಯ ಮೇಲೆ ಕುಳಿತುಕೊಳ್ಳುವ ಕೆಲಸಕ್ಕೆ ಇದು ಒಗ್ಗದಿರಬಹುದು. ಲೆಕ್ಕಪತ್ರಕ್ಕೆ, ಪ್ಯಾಕಿಂಗಿಗೆ, ಪತ್ರವ್ಯವಹಾರಕ್ಕೆ ಖಂಡಿತ ಒಗ್ಗುತ್ತದೆ.

ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಾಸಪತ್ರಿಕೆಯಲ್ಲಿ ಅರ್ಧ ಪುಟ, ಮೂರೂ ಊರುಗಳ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಅನುಮತಿ ಪಡೆದು ಒಂದೊಂದು ಫಲಕ, ಸದಸ್ಯರಿಂದ ತಿಂಗಳಿಗೊಮ್ಮೆ ಮಾಹಿತಿ ಸಂಗ್ರಹ. ಒಂದು ತಾಲ್ಲೂಕಿನ ಅಂಗಡಿಯ ಅಗತ್ಯ ಇನ್ನೊಂದು ತಾಲ್ಲೂಕಿನ ಹುಡುಗನಿಗೆ ತಿಳಿಯುವ ದಾರಿ ಇಷ್ಟರಿಂದ ತೆರೆದುಕೊಳ್ಳುತ್ತದೆ. ಫಲಕದಲ್ಲಿ ಕೆಲಸದ ಸ್ವರೂಪ, ವೇಳೆ, ವಾರದ ರಜೆ, ಅವಧಿ ಇವುಗಳೊಂದಿಗೆ ಸಂಬಳದ ಮೊತ್ತವನ್ನೂ ಅಂಕಿಯಲ್ಲಿ ಬರೆಯತಕ್ಕದ್ದು. ‘ಸಂಬಳ ಮಾತುಕತೆಯ ಮೇಲೆ’ ಎಂದು ಬರೆದಲ್ಲಿಗೆ ಬರುವವರು ಯಾವ ಸಂಬಳಕ್ಕೂ ಒಪ್ಪುವವರು ಅಥವಾ ಬೇರೆಲ್ಲೂ ನಿಲ್ಲದವರು. ಐದಾರು ವರ್ಷ ಲೆಕ್ಕ ಬರೆದು ಊರಿಗೆ ಬಂದವರು ಅದನ್ನು ಓದಿ, ಇಲ್ಲಿಯೂ ಚೌಕಾಸಿಯೇ ಎಂದುಕೊಂಡು ಬಸ್ಸು ಹತ್ತುತ್ತಾರೆ.