ಗೋಪುರವೋ, ಇಳಿಜಾರಿನ ತೊಲೆಯೋ?

ಗೆಲಿಲಿಯೋ ಎಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಪೀಸಾ ನಗರದ ವಾಲುಗೋಪುರ. ಅದರ ಮೇಲಿನಿಂದ ಅವನು ಭಾರವಾದ ಗುಂಡನ್ನೂ ಹಗುರವಾದ ಗುಂಡನ್ನೂ ಒಟ್ಟಿಗೆ ಬಿಟ್ಟನೆಂದೂ, ಎರಡೂ ಒಟ್ಟಿಗೆ ನೆಲ ಸೇರಿದುದನ್ನು ಕಂಡು ಪಂಡಿತರು ಬೆರಗಾದರೆಂದೂ ಕಥೆ. ಕೇಳಲು ಸೊಗಸಾಗಿದೆ. ಆದರೆ ಇದನ್ನು ಹೇಳಿದವನು ಅವನ ಶಿಷ್ಯ ವಿವಿಯಾನಿ. ಪೀಸಾದ ಗೋಪುರದಲ್ಲಿ ಇಂತಹ ಪ್ರದರ್ಶನ ನಡೆಸಿದೆನೆಂದು ಗೆಲಿಲಿಯೋ ತಾನಾಗಿ ಎಲ್ಲಿಯೂ ಬರೆದಿಲ್ಲ. ಈ ಕಥೆಯಿಂದಲೇ ತೃಪ್ತರಾಗಿ ನಾವು ಅವನ ನಿಜವಾದ ಸಾಧನೆಯನ್ನು ಮರೆತಿದ್ದೇವೆ ಎಂಬುದು ನನ್ನ ಆಕ್ಷೇಪಣೆ.

ಭಾರವಾದ ವಸ್ತು ಬೇಗ ಬೀಳುವುದೆಂದು ಅರಿಸ್ಟಾಟಲ್ ಹೇಳಿದ್ದನು. ಅದು ತಪ್ಪೆಂದು ತೋರಿಸಲು ಗೋಪುರವೇನೋ ಸಾಕು. ಆದರೆ ಬೀಳುವ ವಸ್ತುವಿನ ವೇಗ ಯಾವ ನಿಯಮದಂತೆ ಹೆಚ್ಚುತ್ತದೆ? ಸುಮಾರು 56 ಮೀಟರ್ ಎತ್ತರದ ಆ ಗೋಪುರದ ತುದಿಯಿಂದ ಬಿಟ್ಟ ಗುಂಡು ಮೂರೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಸೆಕೆಂಡುಗಳನ್ನು ನೆಚ್ಚಿಕೆಯಿಂದ ತೋರುವ ಗಡಿಯಾರವಿಲ್ಲದ ಕಾಲದಲ್ಲಿ ಅದನ್ನು ಅಳೆಯುವುದೆಂತು?

ಗೆಲಿಲಿಯೋ ಬೀಳುವಿಕೆಯನ್ನೇ ನಿಧಾನಗೊಳಿಸಿದನು. ಉದ್ದವಾದ ಮರದ ತೊಲೆಯಲ್ಲಿ ನೇರವಾದ ತೋಡನ್ನು ಕೊರೆದು, ಅದರೊಳಗೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಒಂದು ಕೊನೆಯನ್ನು ಮೇಲೆತ್ತಿ, ಕಂಚಿನ ಗುಂಡನ್ನು ಉರುಳಬಿಟ್ಟನು. ಇಳಿಜಾರಿನಲ್ಲಿ ಗುರುತ್ವಾಕರ್ಷಣೆಯ ಒಂದು ಅಂಶ ಮಾತ್ರ ಗುಂಡನ್ನು ಮುಂದಕ್ಕೆ ಎಳೆಯುವುದರಿಂದ ಓಟ ಮಂದವಾಗುತ್ತದೆ. ವೇಗ ಹೆಚ್ಚುವ ಕ್ರಮ ಬದಲಾಗದು. ಇನ್ನು ಕಾಲದ ಅಳತೆ. ನೀರು ತುಂಬಿದ ಪಾತ್ರೆಯ ತಳಕ್ಕೆ ಸಣ್ಣ ಕೊಳವೆಯನ್ನಿಟ್ಟು, ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಬಟ್ಟಲಿನಲ್ಲಿ ಹಿಡಿದು ತೂಗಿದನು. ಹೀಗೆ ನೂರು ಬಾರಿ ಪರೀಕ್ಷಿಸಿದೆನೆಂದು 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಕಾಲವನ್ನು ತಕ್ಕಡಿಯಲ್ಲಿಟ್ಟು ತೂಗಿದ ಈ ಜಾಣ್ಮೆಗೆ ಗೋಪುರದ ಕಥೆ ಎಲ್ಲಿಯ ಸಾಟಿ!

ತೊಲೆಯ ಕಾಲುಭಾಗವನ್ನು ಕ್ರಮಿಸಲು, ಇಡೀ ಉದ್ದಕ್ಕೆ ಬೇಕಾದ ಕಾಲದ ಅರ್ಧ ಹಿಡಿಯಿತು. ಎಂದರೆ ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ. ನೇರವಾಗಿ ಬೀಳುವ ಕಲ್ಲಿಗೂ ಇದೇ ನಿಯಮ. ಗಾಳಿಯ ತಡೆಯನ್ನು ಬಿಟ್ಟರೆ ಅದು ಒಂದು ಸೆಕೆಂಡಿನಲ್ಲಿ 4.9 ಮೀಟರ್, ಎರಡರಲ್ಲಿ 19.6, ಮೂರರಲ್ಲಿ 44.1 ಮೀಟರ್ ಬೀಳುತ್ತದೆ. ಕಲ್ಲಿನ ತೂಕಕ್ಕೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ. 1971ರಲ್ಲಿ ಗಾಳಿಯಿಲ್ಲದ ಚಂದ್ರನ ಮೇಲೆ ಡೇವಿಡ್ ಸ್ಕಾಟ್ ಎಂಬ ಗಗನಯಾತ್ರಿ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟನು. ಎರಡೂ ಒಟ್ಟಿಗೆ ನೆಲ ಸೇರಿದವು. ಅಲ್ಲಿಯ ಗುರುತ್ವ ಭೂಮಿಯದರ ಆರನೆಯ ಒಂದು ಭಾಗದಷ್ಟಿರುವುದರಿಂದ ಅವು ಬಿದ್ದುದು ನಿಧಾನವಾಗಿ.

ಚಂದ್ರನಿರಲಿ, ಪೀಸಾ ಕೂಡ ನಮಗೆ ದೂರ. ಆದರೆ ತೋಡುಳ್ಳ ಹಲಗೆ, ಗೋಲಿ, ತಳದಲ್ಲಿ ತೂತಿರುವ ಡಬ್ಬ, ತಕ್ಕಡಿ ಇವು ಯಾವ ಊರಿನಲ್ಲಿ ದೊರೆಯವು? ಆದರೂ ತರಗತಿಯಲ್ಲಿ ಮಕ್ಕಳಿಂದ ಗೋಪುರದ ಚಿತ್ರವನ್ನೇ ಬರೆಸುತ್ತೇವೆ. ಹಲಗೆಯ ಕಾಲುಭಾಗಕ್ಕೆ ಒಂದು ಗೆರೆ ಎಳೆದುಕೊಂಡರೆ ಗೆಲಿಲಿಯೋವಿನ ಪ್ರಯೋಗ ಅಲ್ಲಿಯೇ ಆರಂಭವಾಗುತ್ತದೆ.