ಮರ್ಯಾದೆಗೆ ಸಾವೇ ಸಾಕ್ಷಿಯಾಗಬೇಕೆ?

ವಾಲ್ಟರ್ ಟಲ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಆತನ ಸಾವಿನಿಂದಲೇ ಶುರುಮಾಡುತ್ತಾರೆ. 1918ರ ಮಾರ್ಚ್ 25ರಂದು ಉತ್ತರ ಫ್ರಾನ್ಸಿನ ರಣರಂಗದಲ್ಲಿ ಬಿದ್ದ ಸೆಕೆಂಡ್ ಲೆಫ್ಟಿನೆಂಟ್. ವಯಸ್ಸು 29. ಶವ ಸಿಗಲಿಲ್ಲ, ಅರಾಸ್ ಸ್ಮಾರಕದ ಕಲ್ಲಿನಲ್ಲಿ ಹೆಸರು ಮಾತ್ರ ಉಳಿಯಿತು. ನನ್ನ ತಕರಾರು ಈ ಕ್ರಮದ ಬಗ್ಗೆಯೇ. ಹೀಗೆ ಹೇಳಿದ ಕತೆಯಲ್ಲಿ ಟಲ್ ಮೊದಲು ಹುತಾತ್ಮನಾಗುತ್ತಾನೆ, ಆಮೇಲಷ್ಟೇ ಮನುಷ್ಯನಾಗುತ್ತಾನೆ.

1909ರಿಂದ ಶುರುಮಾಡಿ ನೋಡೋಣ. ತಂದೆ ಬಾರ್ಬಡೋಸ್‌ನ ಬಡಗಿ, ತಾಯಿ ಕೆಂಟ್ ಪ್ರಾಂತ್ಯದವಳು. ಇಬ್ಬರನ್ನೂ ಕಳೆದುಕೊಂಡು ಲಂಡನ್ನಿನ ಅನಾಥಾಲಯದಲ್ಲಿ ಬೆಳೆದ ಹುಡುಗ ಟಾಟನ್‌ಹ್ಯಾಮ್ ತಂಡ ಸೇರಿದ. ಆ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಆತನ ಬಣ್ಣ ಹಿಡಿದು ಹೊಲಸಾಗಿ ಬೈಯಿತು. ಅಲ್ಲಿದ್ದ ಪತ್ರಕರ್ತನೊಬ್ಬ ಅದನ್ನು ಖಂಡಿಸಿ, ಅಂದಿನ ಅತ್ಯುತ್ತಮ ಫಾರ್ವರ್ಡ್ ಟಲ್ ಎಂದೇ ಬರೆದ. ಕ್ಲಬ್ ಏನು ಮಾಡಿತು? ಸ್ವಲ್ಪ ದಿನಗಳಲ್ಲೇ ಆತನನ್ನು ಮೀಸಲು ತಂಡಕ್ಕೆ ಇಳಿಸಿತು. ಅಲ್ಲಿ ಸಿಕ್ಕಿದ್ದು ಒಟ್ಟು 10 ಲೀಗ್ ಪಂದ್ಯ. ಮುಂದೆ ನಾರ್ಥಾಂಪ್ಟನ್ ಪರವಾಗಿ ನೂರಕ್ಕೂ ಹೆಚ್ಚು ಪಂದ್ಯ ಆಡಿದವನಿಗೆ ಆಟ ಬರುತ್ತಿರಲಿಲ್ಲ ಎನ್ನುವಂತಿಲ್ಲ.

1914ರಲ್ಲಿ ಟಲ್ ಸೇನೆ ಸೇರಿದ. ಯುರೋಪಿಯನ್ ಮೂಲದವರಲ್ಲದವರಿಗೆ ಅಧಿಕಾರಿ ಪದವಿ ಕೊಡಬಾರದೆಂಬ ನಿಯಮವಿದ್ದರೂ 1917ರಲ್ಲಿ ಆತ ಅಧಿಕಾರಿಯಾದ. ಸೇನೆಗೆ ಜನ ಬೇಕಾದಾಗ ನಿಯಮ ಕಣ್ಣು ಮುಚ್ಚಿಕೊಂಡಿತು.

'ದೇಶಕ್ಕಾಗಿ ಜೀವ ಕೊಟ್ಟವನನ್ನು ನೆನೆದರೆ ತಪ್ಪೇನು?' ಎಂದು ಗೆಳೆಯರು ಕೇಳುತ್ತಾರೆ. ನೆನೆಯಲಿ. ಆದರೆ ಆ ನೆನಪಿನೊಳಗೆ ಒಂದು ಷರತ್ತು ಅಡಗಿದೆ: ಕಪ್ಪು ಮನುಷ್ಯ ತಾನು ಈ ದೇಶದವನೆಂದು ತೋರಿಸಲು ಉಳಿದವರಿಗಿಂತ ಹೆಚ್ಚಿನ ಬೆಲೆ ತೆರಬೇಕು. ಬ್ರಿಸ್ಟಲ್‌ನಲ್ಲಿ ಬೈಸಿಕೊಂಡ 21ರ ಯುವಕ ಯಾವ ಯುದ್ಧಕ್ಕೂ ಹೋಗಿರಲಿಲ್ಲ. ಮರ್ಯಾದೆ ಅವನಿಗೆ ಅಂದೇ ಸಲ್ಲಬೇಕಿತ್ತು.

ಹೀಗೆ ಬೆಲೆ ತೆತ್ತು ಗಳಿಸಿದ ಮರ್ಯಾದೆ ಬಾಳಿಕೆ ಬರುವುದೂ ಇಲ್ಲ. ಬಡ ಮಕ್ಕಳ ಊಟಕ್ಕಾಗಿ ಹೋರಾಡಿದ ಮಾರ್ಕಸ್ ರಾಶ್‌ಫರ್ಡ್‌ಗೆ 2020ರಲ್ಲಿ ಎಂಬಿಇ ಗೌರವ ಘೋಷಣೆಯಾಯಿತು. 2021ರ ಜುಲೈನಲ್ಲಿ ಯೂರೋ ಫೈನಲ್‌ನ ಒಂದು ಪೆನಾಲ್ಟಿ ತಪ್ಪಿದ್ದೇ ತಡ, ಆತನ ಮೇಲೂ, ಸ್ಯಾಂಚೊ ಮತ್ತು ಸಾಕಾ ಮೇಲೂ ಅದೇ ಹಳೆಯ ಬೈಗುಳ ಸುರಿಯಿತು. ಪುಣ್ಯದ ಖಾತೆ ಒಂದೇ ಒದೆತಕ್ಕೆ ಬರಿದಾಯಿತು.

ಟಲ್‌ಗೆ ಮರಣೋತ್ತರವಾಗಿ ಮಿಲಿಟರಿ ಕ್ರಾಸ್ ಕೊಡಬೇಕೆಂಬ ಬೇಡಿಕೆ ವರ್ಷಗಳಿಂದ ಇದೆ. ಪದಕಕ್ಕೆ ಶಿಫಾರಸಾಗಿತ್ತೆಂದು ಸಹ ಅಧಿಕಾರಿಯೊಬ್ಬ ಆತನ ಅಣ್ಣನಿಗೆ ಬರೆದಿದ್ದ. ಕೊಡುವುದಾದರೆ ಕೊಡಲಿ, ನಾನು ಅಡ್ಡ ಬರುವುದಿಲ್ಲ. ಆದರೆ ಆ ಪದಕ 1918ರ ಲೆಕ್ಕ ಚುಕ್ತಾ ಮಾಡೀತು; 1909ರದು ಹಾಗೇ ಬಾಕಿ ಇರುತ್ತದೆ. ಅದನ್ನು ತೀರಿಸಬೇಕಾದವರು ಸತ್ತವರಿಗೆ ಹೂವಿಟ್ಟು ಬಂದು, ಮರುದಿನ ಗ್ಯಾಲರಿಯಲ್ಲಿ ಕೂತು ಬೈಗುಳ ಕೇಳಿಯೂ ಸುಮ್ಮನಿರುವವರು.