ಗತಿಸಿದವರ ಕಡತ

ಸರ್ಕಾರಿ ನೌಕರನು ಸೇವೆಗೆ ಸೇರಿದೊಡನೆ ಅವನ ಹೆಸರಿನಲ್ಲಿ ಕಚೇರಿ ಒಂದು ಪುಸ್ತಕವನ್ನು ತೆರೆಯುತ್ತದೆ. ಅದಕ್ಕೆ ಸೇವಾ ವಹಿ ಎಂದು ಹೆಸರು. ಕಚೇರಿಯ ಮಾತಿನಲ್ಲಿ ‘ಎಸ್.ಆರ್.’ ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಮಚ್ಚೆಯ ಗುರುತು, ವರ್ಷವರ್ಷದ ವೇತನ ಬಡ್ತಿ, ವರ್ಗಾವಣೆ, ರಜೆಯ ಲೆಕ್ಕ, ವಿಧಿಸಿದ ದಂಡನೆ, ತನ್ನ ನಂತರ ಹಣ ಯಾರಿಗೆ ಸಲ್ಲಬೇಕೆಂಬ ನಾಮನಿರ್ದೇಶನ, ಇವೆಲ್ಲವೂ ಅದರಲ್ಲಿ ಅಡಗಿರುತ್ತವೆ. ಮೂವತ್ತು ವರ್ಷ ದುಡಿದವನು ಕೂಡ ತನ್ನ ಪುಸ್ತಕವನ್ನು ಕಣ್ಣಾರೆ ಕಂಡಿರುವುದು ಬೆರಳೆಣಿಕೆಯಷ್ಟು ಸಲ. ಮನೆಯವರಂತೂ ಅದರ ರಟ್ಟನ್ನೂ ಕಂಡವರಲ್ಲ. ಈಚೆಗೆ ಹಲವು ವಿವರಗಳು ಕಂಪ್ಯೂಟರಿಗೂ ಏರಿವೆ. ಆದರೆ ಮನೆಯವರ ಪಾಲಿಗೆ ಬೀರು ಬದಲಾಯಿತೇ ಹೊರತು ಬೀಗ ಬದಲಾಗಲಿಲ್ಲ.

2004ರಲ್ಲಿ ರಾಜ್ಯ ಸರ್ಕಾರದ ಸೇವೆಗೆ ಸೇರಿದ್ದ ಗುಮಾಸ್ತನೊಬ್ಬನು ನಿವೃತ್ತಿಗೆ ಇನ್ನೂ ಎಷ್ಟೋ ವರ್ಷ ಇರುವಾಗಲೇ ಹೃದಯಾಘಾತದಿಂದ ತೀರಿಕೊಂಡನೆಂದು ಇಟ್ಟುಕೊಳ್ಳಿ. ಉತ್ತರಕ್ರಿಯೆ ಮುಗಿದು ನಂಟರಿಷ್ಟರು ಊರಿಗೆ ಮರಳಿದ ಮೇಲೆ ಹೆಂಡತಿಯ ಎದುರಿಗೆ ಲೆಕ್ಕಗಳು ಬಂದು ನಿಲ್ಲುತ್ತವೆ. ಕುಟುಂಬ ಪಿಂಚಣಿ, ಮರಣ ಉಪದಾನ, ಭವಿಷ್ಯ ನಿಧಿ, ಕೆ.ಜಿ.ಐ.ಡಿ. ವಿಮೆ, ಉಳಿದ ಗಳಿಕೆ ರಜೆಯ ಹಣ, ಮಗನಿಗೆ ಅನುಕಂಪದ ಮೇಲಿನ ನೌಕರಿ. ಇವುಗಳಲ್ಲಿ ಹೆಚ್ಚಿನವು ಆ ಪುಸ್ತಕದ ಪುಟಗಳನ್ನೇ ಆಶ್ರಯಿಸಿವೆ. ಎಂದೋ ತೆಗೆದುಕೊಂಡ ರಜೆಯೊಂದು ದಾಖಲಾಗದೆ ಉಳಿದಿದ್ದರೆ ಸಾಕು, ಪಿಂಚಣಿಯ ಪ್ರಸ್ತಾವ ಅಲ್ಲಿಯೇ ನಿಂತುಬಿಡುತ್ತದೆ. ಏಕೆ ನಿಂತಿದೆಯೆಂದು ತಿಳಿಯಲು ಆಕೆ ಕಚೇರಿಯ ಮೆಟ್ಟಿಲು ಹತ್ತುತ್ತಾಳೆ.

“ಫೈಲು ಮೇಲಕ್ಕೆ ಹೋಗಿದೆಯಮ್ಮ, ಇನ್ನೊಂದು ವಾರ ಬಿಟ್ಟು ಬನ್ನಿ.”

“ಹೋದ ವಾರವೂ ಹಾಗೇ ಅಂದಿರಲ್ಲಪ್ಪ. ಅವರ ಪುಸ್ತಕ ಒಂದು ಸಲ ತೋರಿಸಿದ್ದರೆ ಸಾಕಿತ್ತು.”

“ಅದನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲಮ್ಮ.”

ಇಪ್ಪತ್ತು ವರ್ಷ ಆತನ ಬುತ್ತಿ ಕಟ್ಟಿದವಳು ಹೊರಗಿನವಳಾದದ್ದು ಹೇಗೆ? ಗುಮಾಸ್ತರ ಬಾಯಿಂದ ಈ ಮಾತು ಬಂದಾಗ ಅದು ಕ್ರೌರ್ಯವೆಂದು ತೋರುವುದು ಸಹಜ. ಆದರೆ ಕಾನೂನಿನ ಪುಸ್ತಕವನ್ನು ತೆರೆದು ನೋಡಿದರೆ, ಅಲ್ಲಿಯೂ ಆಕೆಗೆ ಬೇರೆ ಹೆಸರು ಕಾಣುವುದಿಲ್ಲ.

ಮಾಹಿತಿ ಹಕ್ಕಿನ ವಿಷಯದಲ್ಲಿ ಕರ್ನಾಟಕವು ಹಿಂದುಳಿದ ರಾಜ್ಯವಲ್ಲ. 2000ದಲ್ಲಿಯೇ ಇಲ್ಲಿ ಪ್ರತ್ಯೇಕ ಅಧಿನಿಯಮವಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 2005ರಲ್ಲಿ ಸಂಸತ್ತಿನಿಂದ ಬಂದು, ಆ ವರ್ಷದ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಾಯಿತು. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಇಷ್ಟು ಸರಳವಾದ ಕಾನೂನು ಇನ್ನೊಂದಿಲ್ಲ. ಆದರೆ ಅದರ ಸರಳತೆಯಲ್ಲಿಯೇ ನಮ್ಮ ಗೃಹಿಣಿಯ ತೊಡಕೂ ಇದೆ. ಅದು ಹಕ್ಕನ್ನು ಕೊಟ್ಟಿರುವುದು ಪೌರನಿಗೆ. ಹೆಂಡತಿ, ಮಗ, ತಾಯಿ ಎಂಬ ಶಬ್ದಗಳಿಗೆ ಅಲ್ಲಿ ವಿಶೇಷ ಸ್ಥಾನವಿಲ್ಲ. ಕಾರಣ ಕೇಳದ ಕಾನೂನು ಸಂಬಂಧವನ್ನೂ ಕೇಳುವುದಿಲ್ಲ. ಆಕೆಗೆ ಕೊಟ್ಟದ್ದನ್ನು ನಾಳೆ ಬೀದಿಯಲ್ಲಿ ಹೋಗುವವನು ಕೇಳಿದರೂ ಕೊಡಬೇಕಾದೀತಲ್ಲ ಎಂಬುದು ಅಧಿಕಾರಿಯ ಅಂಜಿಕೆ. ಅದು ಪೂರ್ತಿ ನೆಪವೆನ್ನುವಂತಿಲ್ಲ.

ಈ ಅಂಜಿಕೆಗೆ ಆಧಾರವಾದದ್ದು 8ನೆಯ ಕಲಮಿನ (1)(ಜೆ) ಉಪವಿಭಾಗ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ, ಒಬ್ಬರ ಖಾಸಗಿ ಬದುಕಿಗೆ ಅಕಾರಣವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ, ಆದರೆ ವಿಶಾಲವಾದ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂದು ಅದು ಮೊದಲು ಹೇಳುತ್ತಿತ್ತು. 2012ರ ಅಕ್ಟೋಬರಿನಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನೌಕರನಿಗೆ ಕೊಟ್ಟ ಜ್ಞಾಪನಗಳು, ಕಾರಣ ಕೇಳುವ ನೋಟೀಸುಗಳು, ದಂಡನೆಯ ಆದೇಶಗಳು ಮುಂತಾದವು ಅವನಿಗೂ ಅವನ ಯಜಮಾನನಿಗೂ ನಡುವಿನ ವಿಷಯವೆಂದಿತು. ಅಲ್ಲಿಂದ ಮುಂದೆ ಸೇವಾ ವಹಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಆ ತೀರ್ಪನ್ನು ಎತ್ತಿ ಹಿಡಿಯುವುದು ಕಚೇರಿಗಳಿಗೆ ವಾಡಿಕೆಯಾಯಿತು. ಆ ಮೊಕದ್ದಮೆಯ ನೌಕರನು ಬದುಕಿದ್ದವನು, ಕೇಳಿದವರು ಅವನ ಮನೆಯವರಲ್ಲ ಎಂಬ ವ್ಯತ್ಯಾಸವನ್ನು ಯೋಚಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ಉಪವಿಭಾಗವನ್ನೇ ತಿದ್ದಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಆ ತಿದ್ದುಪಡಿಯಂತೆ ಈಗ ಅಲ್ಲಿ ಉಳಿದಿರುವುದು ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ ಅರ್ಥದ ತುಂಡು ವಾಕ್ಯ. ತೀರಿಕೊಂಡವರ ಮಾತೇನೆಂದು ಅದು ಮೊದಲೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ.

ಇಷ್ಟಕ್ಕೂ ಸತ್ತವನಿಗೆ ಗೋಪ್ಯವೆಂಬುದು ಉಂಟೆ? ಜಯಲಲಿತಾ ಅವರ ಬದುಕನ್ನು ಆಧರಿಸಿದ ಚಲನಚಿತ್ರವನ್ನು ತಡೆಯಬೇಕೆಂದು ಬಂಧುವೊಬ್ಬರು ಹೂಡಿದ್ದ ವ್ಯಾಜ್ಯದಲ್ಲಿ ಮದ್ರಾಸ್ ಹೈಕೋರ್ಟು 2021ರಲ್ಲಿ, ಖಾಸಗಿತನದ ಹಕ್ಕು ವ್ಯಕ್ತಿಯ ಮರಣದೊಂದಿಗೆ ಮುಗಿಯುತ್ತದೆಂದು ಹೇಳಿತು. ಇಂಗ್ಲೆಂಡಿನ ಮಾತು ಬೇರೆ. ಆಸ್ಪತ್ರೆಯಲ್ಲಿ ತೀರಿಕೊಂಡ ಮಗಳ ಚಿಕಿತ್ಸೆಯ ದಾಖಲೆಗಳನ್ನು ಅಲ್ಲಿಯ ತಾಯಿಯೊಬ್ಬಳು ಮಾಹಿತಿ ಸ್ವಾತಂತ್ರ್ಯದ ಕಾನೂನಿನಡಿ ಕೇಳಿದಳು. ರೋಗಿ ವೈದ್ಯನಲ್ಲಿಟ್ಟ ವಿಶ್ವಾಸ ಅವಳ ಮರಣದ ನಂತರವೂ ಉಳಿಯುತ್ತದೆಂದು ನ್ಯಾಯಮಂಡಳಿ 2007ರಲ್ಲಿ ತೀರ್ಮಾನಿಸಿ ಆಕೆಯನ್ನು ಬರಿಗೈಯಲ್ಲಿ ಕಳುಹಿಸಿತು. ಅಲ್ಲಿ ಅದು ರೋಗದ ಕಥೆ. ಇಲ್ಲಿ ಸತ್ತವರ ಬಾಳನ್ನು ಬೆಳ್ಳಿಯ ತೆರೆಯ ಮೇಲೆ ತೋರಿಸಬಹುದು. ಹೆಂಡತಿ ಮಾತ್ರ ಗಂಡನ ರಜೆಯ ಲೆಕ್ಕವನ್ನು ನೋಡಕೂಡದು! ಮೂರನೆಯವರ ಮಾಹಿತಿಯನ್ನು ಕೊಡುವ ಮುನ್ನ ಅವರಿಗೆ 5 ದಿನಗಳಲ್ಲಿ ನೋಟೀಸು ಕಳುಹಿಸಿ, ಉತ್ತರಕ್ಕೆ 10 ದಿನ ಕೊಡಬೇಕೆಂದು 11ನೆಯ ಕಲಂ ಹೇಳುತ್ತದೆ. ಗತಿಸಿದವನಿಗೆ ಆ ನೋಟೀಸನ್ನು ಯಾವ ವಿಳಾಸಕ್ಕೆ ಕಳುಹಿಸಬೇಕೆಂಬುದು ವಿಚಾರ ಮಾಡತಕ್ಕದ್ದೇ.

ಆದರೂ ಕಚೇರಿಯ ಕಡೆಯ ಮಾತನ್ನು ಒಂದಿಷ್ಟು ಕೇಳಬೇಕು. ಆ ಪುಸ್ತಕದ ನಾಮನಿರ್ದೇಶನದ ಪುಟದಲ್ಲಿ ಹೆಂಡತಿಯ ಹೆಸರಿಗೆ ಬದಲು ಬೇರೆ ಹೆಣ್ಣಿನ ಹೆಸರಿದ್ದುದುಂಟು. ಮನೆಯಲ್ಲಿ ಯಾರಿಗೂ ಹೇಳದೆ ನುಂಗಿಕೊಂಡ ಅಮಾನತ್ತು, ಯಾರಿಗೂ ತಿಳಿಯದಂತೆ ಪಡೆದ ಚಿಕಿತ್ಸೆ, ಇವೂ ಇರುತ್ತವೆ. ಸಾಲ ಕೊಟ್ಟವನು, ಆಸ್ತಿಗೆ ಕಾದಿರುವ ದಾಯಾದಿ, ಪೌರನೆಂಬ ಅದೇ ಹೆಸರಿನಲ್ಲಿ ಅರ್ಜಿ ಹಾಕಬಲ್ಲರು. ಅಂಥವರ ಎದುರಿಗೆ ಬಾಗಿಲು ಮುಚ್ಚುವ ಅಧಿಕಾರಿ ತನ್ನ ಕರ್ತವ್ಯವನ್ನೇ ಮಾಡುತ್ತಾನೆ. ತಪ್ಪಾಗುವುದು, ವಾರಸುದಾರಳ ಎದುರಿಗೂ ಅದೇ ಬಾಗಿಲನ್ನು ಅದೇ ರೀತಿ ಮುಚ್ಚಿದಾಗ. ಕುಟುಂಬ ಪಿಂಚಣಿ ಗತಿಸಿದವನದಲ್ಲ, ಆಕೆಯದು. ಅದನ್ನು ಲೆಕ್ಕಹಾಕಿದ ಬಗೆ ಆಕೆಯ ಸ್ವಂತ ವಿಷಯ. ಆಕೆಯ ಹಕ್ಕನ್ನು ನಿರ್ಣಯಿಸುವ ಕಾಗದವನ್ನು ಆತನ ಗೋಪ್ಯವೆಂದು ಕರೆಯುವುದು ಯಾವ ನ್ಯಾಯಕ್ಕೂ ಒಪ್ಪುವುದಿಲ್ಲ.

ಆದುದರಿಂದ ಅರ್ಜಿಯನ್ನು ಬರೆಯುವ ರೀತಿಯಲ್ಲಿ ಬಹಳಷ್ಟಿದೆ. “ನನ್ನ ಪತಿಯ ಎಲ್ಲ ದಾಖಲೆಗಳನ್ನೂ ಕೊಡಿ” ಎಂದರೆ ನಿರಾಕರಣೆಯನ್ನು ತಾನೇ ಕರೆದಂತೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಶಬ್ದಗಳನ್ನು ಮೀರದಂತೆ ಇರಬೇಕು; ಈ ಕಟ್ಟು ಇಲ್ಲಿ ಉಪಕಾರವೇ ಆಗುತ್ತದೆ. ಕುಟುಂಬ ಪಿಂಚಣಿಯ ಪ್ರಸ್ತಾವವನ್ನು ಮಹಾಲೇಖಪಾಲರ ಕಚೇರಿಗೆ ಕಳುಹಿಸಿದ ತಾರೀಖು, ಅದರ ಪ್ರತಿ, ಅಲ್ಲಿಂದ ಬಂದ ಆಕ್ಷೇಪಣೆ, ಪಿಂಚಣಿಗೆ ಎಣಿಸಿದ ಅರ್ಹ ಸೇವೆಯ ಲೆಕ್ಕ, ರಜೆಯ ಶಿಲ್ಕು: ಹೀಗೆ ಬಿಡಿಸಿ ಕೇಳಬೇಕು. ಕಾನೂನು ಕಾರಣ ಕೇಳದಿದ್ದರೂ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಪ್ರತಿಗಳನ್ನು ತಾನಾಗಿಯೇ ಲಗತ್ತಿಸುವುದು ಜಾಣತನ. ತನಗೆ ತಟ್ಟುವ ಆಡಳಿತ ನಿರ್ಣಯದ ಕಾರಣವನ್ನು ತಿಳಿಸಬೇಕೆಂಬ 4(1)(ಡಿ) ಕಲಮನ್ನು ಅರ್ಜಿಯಲ್ಲಿ ಹೆಸರಿಸಬಹುದು. ಕೊಡಲಾಗದ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಬೇಕೆಂದು 10ನೆಯ ಕಲಂ ವಿಧಿಸುತ್ತದೆ. ಗೋಪ್ಯ ರಕ್ಷಣೆಗಿಂತ ಸಾರ್ವಜನಿಕ ಹಿತ ಹೆಚ್ಚಾದರೆ ಕೊಡಬಹುದೆಂಬ 8(2) ಕಲಂ ತಿದ್ದುಪಡಿಯ ನಂತರವೂ ಹಾಗೆಯೇ ಉಳಿದಿದೆ.

“ಕಡತ ಸಿಗುತ್ತಿಲ್ಲ” ಎಂಬ ಉತ್ತರವೂ ಬರುವುದುಂಟು. ಬಹುಶಃ ಇದೇ ಎಲ್ಲಕ್ಕಿಂತ ಹಳೆಯ ಉತ್ತರ. ಕಡತ ಕಾಣೆಯಾಗುವುದು ಕಾನೂನಿನಲ್ಲಿ ಹೇಳಿದ ವಿನಾಯಿತಿಗಳಲ್ಲಿ ಒಂದಲ್ಲ. ಒಮ್ಮೆ ಇದ್ದ ದಾಖಲೆಯನ್ನು ಹುಡುಕುವ ನಿಜವಾದ ಪ್ರಯತ್ನ ನಡೆಯಬೇಕು, ಸಿಗದಿದ್ದರೆ ಹೊಣೆ ಯಾರದೆಂದು ವಿಚಾರಣೆಯಾಗಬೇಕು ಎಂದು ದೆಹಲಿ ಹೈಕೋರ್ಟು 2013ರಲ್ಲಿ ಸ್ಪಷ್ಟಪಡಿಸಿತು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆ ಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿ ಮೀರದಂತೆ ಆಯೋಗ ದಂಡ ವಿಧಿಸಬಹುದು.

ಖಾಸಗಿ ಕಂಪನಿಯಲ್ಲಿ ದುಡಿದವರ ಮನೆಯವರಿಗೆ ಈ ದಾರಿ ನೇರವಾಗಿ ತೆರೆದಿಲ್ಲ. ಸಹಕಾರಿ ಸಂಘಗಳೂ, ಸರ್ಕಾರದ ಗಣನೀಯ ಹಣ ಅಥವಾ ಹತೋಟಿ ಇಲ್ಲದಿದ್ದರೆ, ಈ ಕಾನೂನಿನ ಹೊರಗೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಆದರೆ ಅವರ ಭವಿಷ್ಯ ನಿಧಿಯ ಹಣವನ್ನು ಇಟ್ಟುಕೊಂಡಿರುವ ಕೇಂದ್ರ ಸಂಸ್ಥೆ ಒಳಗೇ ಇದೆ. ಕಂಪನಿಯವರು ಬಾಯಿ ಬಿಡದಿದ್ದರೆ ಆ ಲೆಕ್ಕವನ್ನು ಅಲ್ಲಿ ವಿಚಾರಿಸಬಹುದು. ನಾಮನಿರ್ದೇಶನದ ಪುಟವನ್ನು ಕಂಡು ಎದೆಗುಂದಿದವರಿಗೆ ಇನ್ನೊಂದು ಮಾತು. ಜೀವವಿಮೆಯ ವಿಷಯದಲ್ಲಿ ನಾಮನಿರ್ದೇಶಿತನು ಹಣವನ್ನು ಪಡೆಯುವ ಕೈ ಮಾತ್ರ, ಒಡೆತನ ವಾರಸುದಾರರದು ಎಂದು ಸುಪ್ರೀಂ ಕೋರ್ಟು 1983ರಷ್ಟು ಹಿಂದೆಯೇ ಹೇಳಿತ್ತು. 2015ರಲ್ಲಿ ವಿಮಾ ಕಾನೂನಿಗೆ ತಿದ್ದುಪಡಿಯಾದ ಮೇಲೆ ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ಮಾಡಿದ ನಾಮನಿರ್ದೇಶನದ ಬಲ ಹೆಚ್ಚಿದೆ. ಪರರ ಹೆಸರನ್ನು ಕಂಡೊಡನೆ ಎಲ್ಲವೂ ಕೈಬಿಟ್ಟಿತೆಂದು ತಿಳಿಯಬೇಕಾಗಿಲ್ಲ, ವಕೀಲರನ್ನು ಕಾಣಬೇಕು.

ಎಲ್ಲಕ್ಕಿಂತ ಅವಸರದ ಸಂಗತಿ ಮಗನ ನೌಕರಿಯದು. ಅನುಕಂಪದ ನೇಮಕಾತಿಗೆ, 1996ರ ಕರ್ನಾಟಕ ನಿಯಮಗಳಂತೆ, ಸಾಮಾನ್ಯವಾಗಿ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬರಬೇಕು. ಮಾಹಿತಿಗಾಗಿ ಒಂದು ತಿಂಗಳು, ಮೊದಲ ಮೇಲ್ಮನವಿಗೆ ಮತ್ತೊಂದೂವರೆ ತಿಂಗಳು, ಆಮೇಲೆ ಆಯೋಗದ ಸರದಿಗೆ ಅವಧಿಯೇ ಇಲ್ಲ. ಪುಸ್ತಕ ಕೈಸೇರಲಿ, ಆಮೇಲೆ ನೋಡೋಣವೆಂದು ಕುಳಿತರೆ ಆ ವರ್ಷ ಕಳೆದುಹೋಗುತ್ತದೆ. ನೌಕರಿಯ ಅರ್ಜಿಯನ್ನು ಇರುವ ಕಾಗದಗಳೊಂದಿಗೆ ಮೊದಲೇ ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಮೊಹರನ್ನು ಹಾಕಿಸಿಕೊಂಡು, ಮಾಹಿತಿಯ ಅರ್ಜಿಯನ್ನು ಅದರ ಬೆನ್ನಿಗೆ ಕಳುಹಿಸಬೇಕು.